ಸಾಣಿಕಟ್ಟಾದಿಂದ ಭಟ್ಕಳಕ್ಕೆ, ಬಿಡಿ ಉಪ್ಪಿನ ಮಚವೆಯಲ್ಲಿ

ಭಟ್ಕಳದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟಾಗ ನನ್ನ ಕೈಯಲ್ಲಿದ್ದದ್ದು ಒಂದು ಬಟ್ಟೆಚೀಲ. ಅದರಲ್ಲಿ ಒಂದು ಸೀರೆ, ಅತ್ತೆ ಕಟ್ಟಿಕೊಟ್ಟ ಅವಲಕ್ಕಿ. ಬಸ್ಸಿನಲ್ಲಿ ಹೋದವಳು ಸಮುದ್ರದ ಮೇಲೆ ತಿರುಗಿ ಬರುತ್ತೇನೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಲಿಕ್ಕೆ ನನಗೇ ಗೊತ್ತಿರಲಿಲ್ಲ.

ಇದು ಎಪ್ಪತ್ತರ ದಶಕದ ಮಾತು. ನವರಾತ್ರಿ ಕಳೆದಿತ್ತು, ದೀಪಾವಳಿ ಇನ್ನೂ ಬಂದಿರಲಿಲ್ಲ. ನಮ್ಮ ಕೇರಿಯವರ ರಂಪಣಿ ಬಲೆಗೆ ಆ ವರ್ಷ ಬಂಗಡೆಯ ದೊಡ್ಡ ಹಿಂಡು ಬಿದ್ದಿತ್ತು. ರಂಪಣಿ ನೋಡದವರಿಗಾಗಿ ಹೇಳುತ್ತೇನೆ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಸಮುದ್ರಕ್ಕೆ ಬಿಡುತ್ತಾರೆ, ಎರಡೂ ತುದಿಗಳನ್ನು ದಡಕ್ಕೆ ತಂದು ಕೇರಿಗೆ ಕೇರಿಯೇ ಸೇರಿ ಎಳೆಯುತ್ತದೆ. ಮೀನು ತುಂಬಾ ಬಿದ್ದರೆ ಪೂರ್ತಿ ಎಳೆಯುವುದಿಲ್ಲ. ದಡದ ಹತ್ತಿರ ನೀರಿನಲ್ಲೇ ಬಲೆಯನ್ನು ಸುತ್ತು ಕಟ್ಟಿ ನಿಲ್ಲಿಸಿ, ಮೀನನ್ನು ಜೀವಂತ ಇಟ್ಟುಕೊಂಡು, ಬೇಕಾದಷ್ಟನ್ನೇ ದಿನದಿನವೂ ತೆಗೆಯುತ್ತಾರೆ. ಸಮುದ್ರ ಸುಮ್ಮನಿದ್ದಷ್ಟು ದಿನ ಆ ಮೀನು ನಮ್ಮದು. ಸಮುದ್ರ ಎದ್ದರೆ ಬಲೆಯೂ ಇಲ್ಲ, ಮೀನೂ ಇಲ್ಲ.

ತೆಗೆದ ಮೀನಿಗೆ ಉಪ್ಪು ಬೇಕು. ಐಸು ಆಗ ನಮ್ಮ ಕಡೆ ಅಪರೂಪ. ಅತ್ತೆ ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಮೀನು ಉಪ್ಪು ಹಾಕುವ ತೊಟ್ಟಿಗಳನ್ನು ನಡೆಸುತ್ತಿದ್ದರು. ನಾನೂ ಅಲ್ಲಿಯೇ ಕೆಲಸ ಕಲಿತವಳು. ಆದರೆ ಶರಾವತಿಗೆ ಲಾರಿ ದಾಟುವ ಸೇತುವೆ ಆಗ ಇರಲಿಲ್ಲ. ಲಾರಿಗಳನ್ನು ಹೇರಿಕೊಂಡು ದಾಟಿಸುತ್ತಿದ್ದ ಜಂಗಲು ದೋಣಿಯ ಎಂಜಿನು ಕೆಟ್ಟು ಕೂತಿತ್ತು. ಉಪ್ಪಿನ ಲಾರಿಗಳು ಹೊನ್ನಾವರದಿಂದ ಈಚೆ ಬರುವ ಹಾಗಿರಲಿಲ್ಲ. ತೊಟ್ಟಿಗಳ ತಳ ಕಾಣುತ್ತಿತ್ತು. ನಮ್ಮನೆಯವರು ಬಲೆ ಕಾಯುವವರ ಜೊತೆ ಹಗಲೂ ರಾತ್ರಿ ನೀರಿನಲ್ಲೇ ಇದ್ದರು.

"ಹಿರೇಗುತ್ತಿ ನಿನ್ನ ತವರು. ಸಾಣಿಕಟ್ಟಾದ ಉಪ್ಪಿನವರು ನಿಮ್ಮವರಿಗೆಲ್ಲಾ ಗೊತ್ತು," ಅಂದರು ಅತ್ತೆ. "ಹೆಂಗಾದರೂ ಉಪ್ಪು ತಾ ಸುಮತಿ. ಹೆಂಗೆ ತರೂದು ಅಂತ ನನ್ನ ಕೇಳಬೇಡ."

ಹಾಗಾಗಿ ಹೊರಟೆ.

ಬಸ್ಸು ಶರಾವತಿಯ ಈಚೆ ದಡದ ಕಾಸರಕೋಡಿನಲ್ಲಿ ನಿಂತಿತು. ಅಲ್ಲಿಂದ ಜನರನ್ನು ದಾಟಿಸುವ ದೋಣಿ. ಕೆಟ್ಟ ಜಂಗಲು ದಡಕ್ಕೆ ಒರಗಿ ನಿಂತಿತ್ತು. ಅದರ ಮೇಲೆ ಇಬ್ಬರು ಕೈಗೆಲ್ಲ ಗ್ರೀಸು ಬಳಿದುಕೊಂಡು ಬೀಡಿ ಸೇದುತ್ತಿದ್ದರು. ಹೊನ್ನಾವರದ ದಡಕ್ಕೆ ಇಳಿದಾಗ ಲಾರಿಗಳ ಸಾಲು ಬಂದರಿನಿಂದ ಪೇಟೆಯ ತನಕ ಇತ್ತು. ಮಂಗಳೂರು ಕಡೆಯ ವ್ಯಾಪಾರಿಗಳ ಉಪ್ಪೇ ಮೂರ್ನಾಲ್ಕು ಲಾರಿಗಳಲ್ಲಿತ್ತು. ಹಿಂದಿನ ದಿನದ ಮಳೆಗೆ ಒದ್ದೆಯಾದ ಚೀಲಗಳಿಂದ ಬಿಳಿ ನೀರು ರಸ್ತೆಗೆ ತೊಟ್ಟಿಕ್ಕುತ್ತಿತ್ತು.

"ಯಾವಾಗ ಸರಿ ಆಗ್ತದಂತೆ?" ಎಂದು ಒಬ್ಬ ಡ್ರೈವರನನ್ನು ಕೇಳಿದೆ.

"ಸಾಮಾನು ಹುಬ್ಬಳ್ಳಿಯಿಂದ ಬರಬೇಕಂತೆ ಅಕ್ಕಾ. ನಾನು ಇಲ್ಲೇ ಒಂದು ಮನೆ ಮಾಡೂದು ಅಂತ ಇದ್ದೇನೆ," ಅಂದ ಅವನು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗುವಾಗಲೇ ಕಣ್ಣು ನದಿಯ ಕಡೆ ಹೋಯಿತು. ಧಕ್ಕೆಯ ಹತ್ತಿರ ಹಾಯಿ ಕಟ್ಟುವ ಮಚವೆಗಳು, ನಾಲ್ಕೈದು, ಲಂಗರು ಹಾಕಿ ನಿಂತಿದ್ದವು. ಹಂಚು, ಕಟ್ಟಿಗೆ, ಭತ್ತ ಹೇರಿಕೊಂಡು ಕರಾವಳಿಯುದ್ದಕ್ಕೂ ಓಡಾಡುವ ಮರದ ಹಡಗುಗಳು ಅವು. ರಸ್ತೆ ತುಂಡಾದರೆ ಏನಾಯಿತು, ನೀರು ತುಂಡಾಗಿಲ್ಲವಲ್ಲ ಎಂದು ಹೊಳೆದದ್ದು ಅಲ್ಲಿಯೇ. ನನ್ನ ತಾಯಿಯ ತಮ್ಮ ಹೊನ್ನಪ್ಪ ಮಾವ ಅಂಥದ್ದೇ ಒಂದು ಮಚವೆಯನ್ನು ನಡೆಸುವ ತಾಂಡೇಲ. ಅವನ ಮನೆ ತದಡಿಯಲ್ಲಿ, ಅಘನಾಶಿನಿ ನದಿ ಸಮುದ್ರಕ್ಕೆ ಸೇರುವಲ್ಲಿ. ಸಾಣಿಕಟ್ಟಾದ ಉಪ್ಪಿನ ಗದ್ದೆಗಳಿಗೆ ಅದು ಕೂಗಳತೆ.

ಕುಮಟೆಯಲ್ಲಿ ಬಸ್ಸು ಬದಲಾಯಿಸಿ, ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಬನ್ಸು ತಿಂದು ಚಾ ಕುಡಿದೆ. ಮಿರ್ಜಾನ ದಾಟಿ ಹಿರೇಗುತ್ತಿಗೆ ಬರುವಾಗ ಮಧ್ಯಾಹ್ನ. ತವರಿನಲ್ಲಿ ಉಂಡು, ಅಣ್ಣನ ಸೈಕಲ್ಲಿನ ಹಿಂದೆ ಕೂತು ಸಂಜೆಯೊಳಗೆ ತದಡಿ ಮುಟ್ಟಿದೆ.

ಮಾವ ಅಂಗಳದಲ್ಲಿ ಹಾಯಿ ಹೊಲಿಯುತ್ತಿದ್ದ. ಅವನದು ಕಡಿಮೆ ಮಾತು, ದಪ್ಪ ದನಿ. ನನ್ನ ಮಾತೆಲ್ಲ ಕೇಳಿ, ದಬ್ಬಣವನ್ನು ಬಟ್ಟೆಗೆ ಚುಚ್ಚಿಟ್ಟು, "ಉಪ್ಪು ಸಿಕ್ತದೆ. ಚೀಲ ಸಿಕ್ಕೂದಿಲ್ಲ," ಅಂದ.

"ಚೀಲ ಎಂತಕ್ಕೆ? ಬಿಡಿ ಉಪ್ಪನ್ನೇ ಮಚವೆಯ ಹೊಟ್ಟೆಗೆ ಸುರಿದುಬಿಡು. ನಮಗೂ ಚೀಲ ಬಿಚ್ಚುವ ಕೆಲಸ ಉಳೀತು."

"ಹಾಕಬಹುದು. ಮುಂಚೆ ಎಲ್ಲಾ ಹಾಂಗೇ ಒಯ್ಯೂದು." ಮಡಿಲಿನ ಹಾಯಿಯನ್ನು ಪಕ್ಕಕ್ಕೆ ಸರಿಸಿದ. "ಆದರೆ ಚೀಲದ ಮೇಲೆ ಯಜಮಾನನ ಗುರುತು ಇರ್ತದೆ. ಬಿಡಿ ಉಪ್ಪಿಗೆ ಗುರುತಿಲ್ಲ. ಭಟ್ಕಳ ಬಂದರದಲ್ಲಿ ಉಪ್ಪಿಲ್ಲದೆ ಎಲ್ಲರೂ ಕಾದು ಕೂತಿದ್ದಾರೆ ಅಂತೀಯಲ್ಲ, ನಾ ಹೋಗಿ ನಿಂತರೆ ಹತ್ತು ಜನ ಕೈ ಹಾಕ್ತಾರೆ. ನಿಮ್ಮ ಬಲೆ ಎಲ್ಲಿ ಕಟ್ಟಿದ್ದಾರೋ ನನಗೆ ಗೊತ್ತಿಲ್ಲ. ಮಾಲಿನ ಜೊತೆ ಮಾಲಿನ ಜನ ಬರಬೇಕು. ನಿನ್ನ ಗಂಡನಿಗೆ ಹೇಳಿ ಕಳಿಸು."

"ಅವರು ಬಲೆ ಬಿಟ್ಟು ಬರೂ ಹಾಂಗಿಲ್ಲ. ನಾ ಬತ್ತೇನೆ."

ಮಾವ ನನ್ನ ಮುಖ ನೋಡಿದ. ಹೆಂಗಸರನ್ನು ಮಚವೆಗೆ ಹತ್ತಿಸುವ ರೂಢಿ ಇರಲಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಮಾವನ ಹೆಂಡತಿ ಬಾಗಿಲಲ್ಲಿ ನಿಂತು, "ಅವಳು ದೋಣಿಯಲ್ಲೇ ಹುಟ್ಟಿದ ಹುಡುಗಿ. ಮಳೆಗಾಲದಲ್ಲಿ ಹೆರಿಗೆಗೆ ಅಕ್ಕನನ್ನ ಹೊಳೆ ದಾಟಿಸೂವಾಗ ನೀವೇ ಅಲ್ದಾ ಹುಟ್ಟು ಹಾಕಿದ್ದು?" ಎಂದು ಒಳಗೆ ಹೋದಳು. ಮಾವ ಮತ್ತೆ ದಬ್ಬಣ ಕೈಗೆತ್ತಿಕೊಂಡ.

"ಆತು," ಅಂದ. "ಸೀರೆ ಎತ್ತಿ ಕಟ್ಟಿಕೋ. ಹಗ್ಗಕ್ಕೆ ಸಿಕ್ಕಿದರೆ ನಾ ಜವಾಬ್ದಾರನಲ್ಲ."

ಮರುದಿನ ಉಬ್ಬರದ ನೀರಿಗೆ ಮಚವೆಯನ್ನು ಸಾಣಿಕಟ್ಟಾದ ಧಕ್ಕೆಗೆ ತಂದರು. ಮಳೆಗಾಲವಿಡೀ ತೆಂಗಿನ ಮಡಲು ಹೊದ್ದು ಕೂತಿದ್ದ ಉಪ್ಪಿನ ರಾಶಿಗಳಲ್ಲಿ ಉಳಿದದ್ದು ಹೆಚ್ಚಿರಲಿಲ್ಲ. ಮಡಲು ಸರಿಸಿದಾಗ ಮೇಲಿನ ಪದರು ಬೂದಿಬಣ್ಣ. ಸನಿಕೆ ಹಾಕಿದರೆ ಒಳಗೆ ಹರಳು ಹರಳಾಗಿ ಬೆಳ್ಳಗೆ. ಹೆಂಗಸರು ಹೆಡಿಗೆ ತುಂಬಿ ತಲೆಯ ಮೇಲೆ ಹೊತ್ತು, ಬಗ್ಗುವ ಹಲಗೆಯ ಮೇಲೆ ಒಬ್ಬರ ಹಿಂದೊಬ್ಬರು ಬಂದು ಮಚವೆಯ ಹೊಟ್ಟೆಗೆ ಸುರಿಯುತ್ತಿದ್ದರು. ಸುರಿದಾಗ ಬರುವ ಸದ್ದು ಆಲಿಕಲ್ಲು ಮಳೆಯ ಹಾಗೆ. ತಳದಲ್ಲಿ ಬಿದಿರಿನ ತಟ್ಟಿ, ಅದರ ಮೇಲೆ ಚಾಪೆ ಹಾಸಿದ್ದರು. ಹಲಗೆಯ ಸಂದಿಯಿಂದ ಒಸರುವ ನೀರು ಉಪ್ಪಿಗೆ ಮುಟ್ಟಬಾರದು. ಹೊಟ್ಟೆಯ ನಡುವೆ ಉದ್ದಕ್ಕೂ ಹಲಗೆಗಳ ಒಂದು ಗೋಡೆಯನ್ನೂ ನಿಲ್ಲಿಸಿದ್ದರು.

"ಅದು ಎಂತಕ್ಕೆ?" ಎಂದು ಕೇಳಿದೆ.

ಮಚವೆಯಲ್ಲಿ ಕೆಲಸ ಮಾಡುವ ಖಲಾಸಿ ಇನಾಸಣ್ಣ ಹೇಳಿದ. ಅವನು ಹೊನ್ನಾವರದ ಕ್ರಿಸ್ತುವರವ, ಮನೆಮಾತು ಕೊಂಕಣಿ. ನಮ್ಮ ಜೊತೆ ಅವನದೇ ಒಂದು ರಾಗದ ಕನ್ನಡ. "ಚೀಲ ಕೂತಲ್ಲೇ ಕೂರ್ತದೆ ಬಾಯೀ. ಬಿಡಿ ಉಪ್ಪು ನೀರಿನ ಹಾಂಗೆ. ಮಚವೆ ವಾಲಿದ ಕಡೆ ಅದೂ ಹೋಗ್ತದೆ. ಪೂರಾ ತುಂಬಿದರೆ ಹೋಗಲಿಕ್ಕೆ ಜಾಗ ಇಲ್ಲ. ಅರ್ಧ ತುಂಬಿದರೆ ಜಾಗ ಉಂಟು."

ನಮಗೆ ಸಿಕ್ಕ ಉಪ್ಪು ಹೊಟ್ಟೆಯ ಮುಕ್ಕಾಲಿಗೂ ಬರಲಿಲ್ಲ. ಮಾವ ಒಳಗೆ ಇಳಿದು ಗೋಡೆಯನ್ನು ಅಲುಗಾಡಿಸಿ ನೋಡಿದ, ಎರಡು ಕಡೆ ಊರುಗೋಲು ಕೊಟ್ಟ. ಇನ್ನೊಬ್ಬ ಖಲಾಸಿ ನಾಗೇಶ ಉಪ್ಪನ್ನು ಸಮ ಮಾಡಿ ಮೇಲೆ ಚಾಪೆ ಹೊದೆಸಿದ. ಮೂವರು ಗಂಡಸರು, ಹೆಂಗಸು ನಾನೊಬ್ಬಳು, ಆ ರಾತ್ರಿ ಮಚವೆಯಲ್ಲೇ ಮಲಗಿದೆವು.

ಬೆಳಗಿನ ಇಳಿತದ ನೀರು ನಮ್ಮನ್ನು ತಾನಾಗಿಯೇ ಹೊರಗೆ ಒಯ್ದಿತು. ಒಂದು ಕಡೆ ತದಡಿ, ಇನ್ನೊಂದು ಕಡೆ ಅಘನಾಶಿನಿ ಊರಿನ ಗುಡ್ಡ, ನಡುವೆ ಅಳಿವೆ. ಅಳಿವೆಯ ತೆರೆ ದಾಟುವಾಗ ಮಚವೆಯ ಮೂಗು ಎದ್ದು ಬಿತ್ತು.  ಆಮೇಲೆ ಗುಡ್ಡದ ಕಡೆಯಿಂದ ತಂಪು ಗಾಳಿ ಬಂದು ಹಾಯಿ ಹಿಡಿಯಿತು. ನೆಲವನ್ನು ಎಡಕ್ಕೆ ಇಟ್ಟುಕೊಂಡು ದಕ್ಷಿಣಕ್ಕೆ ತಿರುಗಿದೆವು. ಹುಟ್ಟಿ ಬೆಳೆದ ಕರಾವಳಿಯನ್ನು ಹೊರಗಿನಿಂದ ನೋಡಿದ್ದು ನಾನು ಅದೇ ಮೊದಲು. ಬಸ್ಸಿನಲ್ಲಿ ತಾಸುಗಟ್ಟಲೆ ತಿರುಗುವ ದಾರಿ ಇಲ್ಲಿಂದ ಒಂದು ಹಸಿರು ಗೆರೆ. ಕುಮಟೆ ಪೇಟೆಯೆಂದರೆ ತೆಂಗಿನ ತಲೆಗಳ ಮೇಲೆ ಒಂದಿಷ್ಟು ಹೊಗೆ, ಅಷ್ಟೇ.

ಬಿಸಿಲು ಏರಿದ ಮೇಲೆ ಗಾಳಿ ಸತ್ತುಹೋಯಿತು. ಹಾಯಿ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಇನಾಸಣ್ಣ ಗಂಜಿ ಬೇಯಿಸಿ, ಒಣಸಿಗಡಿ ಚಟ್ನಿಯ ಜೊತೆ ಬಡಿಸಿದ. ಒಂದು ತುತ್ತು ಬಾಯಿಗಿಟ್ಟ ನಾಗೇಶ, "ಉಪ್ಪು ಹಾಕಲಿಲ್ವಾ?" ಅಂದ. ಇನಾಸಣ್ಣ ಡಬ್ಬಿ ಮಗುಚಿ ತೋರಿಸಿದ. ಮನೆಯಿಂದ ತರಲು ಮರೆತಿದ್ದ. ಮಚವೆಗಟ್ಟಲೆ ಉಪ್ಪಿನ ಮೇಲೆ ಕೂತು ನಾಲ್ಕು ಜನ ಸಪ್ಪೆ ಗಂಜಿ ಉಣ್ಣುತ್ತಿದ್ದೆವು. ನಾಗೇಶ ಚಾಪೆ ಎತ್ತಲು ಕೈ ಹಾಕಿದಾಗ ಮಾವ ಗದರಿದ.

"ಮಾಲು ಮುಟ್ಟಬೇಡ. ಅದು ನಮ್ಮದಲ್ಲ."

"ನಂದಲ್ದಾ?" ಎಂದೆ ನಾನು. ಕೈ ಹಾಕಿ ಒಂದು ಹಿಡಿ ತೆಗೆದು ಇನಾಸಣ್ಣನ ಡಬ್ಬಿ ತುಂಬಿಸಿದೆ. ಮಾವ ನಕ್ಕದ್ದನ್ನು ಆ ಪ್ರಯಾಣದಲ್ಲಿ ಮೊದಲ ಸಲ ನೋಡಿದೆ.

ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಬೆನ್ನಿಗೆ ಬಂತು. ಧಾರೇಶ್ವರದ ಮರಳ ಬೇಲೆ ಹಿಂದೆ ಬಿತ್ತು. ಹೊನ್ನಾವರದ ಎದುರಿನ ಬಸವರಾಜದುರ್ಗ, ಸಮುದ್ರದ ನಡುವಿನ ಕೋಟೆಯ ದ್ವೀಪ, ಮುಂದೆ ಕಾಣತೊಡಗಿತು. ಇದೇ ಗಾಳಿ ಇದ್ದರೆ ಮರುದಿನ ಬೆಳಗಾಗುವುದರೊಳಗೆ ಭಟ್ಕಳ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಮಾವ ಮಾತ್ರ ಮುಂದೆ ನೋಡುತ್ತಿರಲಿಲ್ಲ. ಚುಕ್ಕಾಣಿ ಹಿಡಿದು ಎಡಕ್ಕೆ, ಘಟ್ಟದ ಕಡೆ ನೋಡುತ್ತಿದ್ದ. ಘಟ್ಟದ ಮೇಲೆ ಮೋಡ ಕಪ್ಪಗೆ ಕಟ್ಟಿ ನಿಂತಿತ್ತು. ನಮ್ಮ ಬೆನ್ನಿನ ಗಾಳಿ ಒಮ್ಮೆಲೇ ನಿಂತಿತು.

"ಹಾಯಿ ಇಳಿಸಿ!" ಎಂದು ಮಾವ ಕೂಗಿದ. ಅದು ಅರ್ಧ ಇಳಿಯುವಷ್ಟರಲ್ಲಿ ಗಾಳಿ ನೆಲದ ಕಡೆಯಿಂದ ಬಂದು ಹೊಡೆಯಿತು. ಅದರ ಹಿಂದೆಯೇ ಮಳೆ. ಮಚವೆ ಬಲಕ್ಕೆ ವಾಲಿತು. ವಾಲಿ, ಇನ್ನೇನು ಏಳಬೇಕು ಅನ್ನುವಾಗ ಕಾಲಡಿ ಮರ ಮುರಿದ ಸದ್ದು. ಆಮೇಲೆ ಉಪ್ಪು ಜರಿದ ಸದ್ದು. ಸುರಿದಾಗ ಬಂದಿದ್ದ ಆಲಿಕಲ್ಲಿನ ಸದ್ದಲ್ಲ ಅದು. ದೊಡ್ಡ ಪ್ರಾಣಿಯೊಂದು ಮಗ್ಗುಲು ಬದಲಿಸಿದ ಹಾಗಿತ್ತು. ಮಚವೆ ಏಳಲಿಲ್ಲ. ವಾಲಿದ ಹಾಗೆಯೇ ನಿಂತಿತು. ಬಲಗಡೆಯ ಅಂಚಿಗೆ ಪ್ರತಿ ತೆರೆಯೂ ನಾಲಿಗೆ ಚಾಚಿ ಹೋಗುತ್ತಿತ್ತು.

ಗಾಳಿ ಅಷ್ಟು ಹೊತ್ತು ಬೀಸಲಿಲ್ಲ. ಆದರೆ ಮಾಡಬೇಕಾದ ಕೆಡುಕನ್ನು ಮಾಡಿ ಹೋಗಿತ್ತು. ಮಾವ ಚುಕ್ಕಾಣಿ ಬಿಡುವ ಹಾಗಿರಲಿಲ್ಲ. ನಾಗೇಶ ನೀರು ಹೊರಚೆಲ್ಲುತ್ತಿದ್ದ.

"ಉಪ್ಪು ಸಮುದ್ರಕ್ಕೆ ಹಾಕೂದು," ಅಂದ ಮಾವ. "ಬೇರೆ ದಾರಿ ಇಲ್ಲ. ಮೇಲಿನಿಂದ ಸಿಕ್ಕಿದ್ದೆಲ್ಲಾ ಎತ್ತಿ ಹಾಕಿ."

"ಎಲ್ಲಾ ಹಾಕಿದರೆ ನಾ ಯಾಕೆ ಬಂದದ್ದು ಮಾವಾ? ಬಲಗಡೆಯದನ್ನು ಎಡಕ್ಕೆ ಎಳೆದು ನೋಡೂವಾ. ನಾನೂ ಇನಾಸಣ್ಣನೂ ಇಳೀತೇವೆ."

"ಮಚವೆ ಮಗುಚಿದರೆ ಒಳಗಿದ್ದವರು ಹೊರಗೆ ಬರೂದಿಲ್ಲ ಸುಮತೀ."

"ಮಗುಚೂ ಹಾಂಗೆ ಕಂಡರೆ ಕೂಗು," ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೆಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಹೆದರಿಕೆ ಇತ್ತು. ಆದರೆ ಉಪ್ಪು ನನಗೆ ಗೊತ್ತಿದ್ದ ವಸ್ತು. ಹತ್ತು ವರ್ಷ ಅದನ್ನು ಎತ್ತಿ, ಸುರಿದು, ತುಳಿದು ಬದುಕಿದವಳು ನಾನು. ಸಮುದ್ರದ ಜೊತೆ ಏನು ಮಾಡಬೇಕೆಂದು ತಿಳಿಯದಿದ್ದರೂ ಉಪ್ಪಿನ ಜೊತೆ ಏನು ಮಾಡಬೇಕೆಂದು ತಿಳಿದಿತ್ತು.

ಒಳಗೆ ಅರೆಗತ್ತಲು. ನಡುಗೋಡೆಯ ಎರಡು ಹಲಗೆ ಮುರಿದು, ಎಡಗಡೆಯ ಉಪ್ಪು ಆ ಕಿಂಡಿಯಿಂದ ಬಲಕ್ಕೆ ಹರಿದು ಇಳಿಜಾರಾಗಿ ಬಿದ್ದಿತ್ತು. ನಾನು ಕೆಳಗೆ ಕೂತು ಹೆಡಿಗೆಗೆ ತುಂಬುವುದು, ಇನಾಸಣ್ಣ ಎತ್ತಿ ಮೇಲಿನ ಕಡೆಗೆ ಎಸೆಯುವುದು. ಎಸೆದದ್ದರಲ್ಲಿ ಅರ್ಧ ನನ್ನ ಮೇಲೆಯೇ ಜಾರಿ ಬರುತ್ತಿತ್ತು. ಕೊನೆಗೆ ಅವನು ಚಾಪೆ ಸುತ್ತಿ ಕಿಂಡಿಗೆ ತುರುಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ಆಮೇಲೆ ಮೇಲಕ್ಕೆ ಹೋದ ಉಪ್ಪು ಮೇಲೆಯೇ ನಿಂತಿತು. ಕೈಯ ಸಣ್ಣ ಗಾಯಗಳೆಲ್ಲ ಉರಿಯತೊಡಗಿದವು. ಕಣ್ಣಿನ ನೀರು ಒರೆಸುವ ಹಾಗಿಲ್ಲ, ಒರೆಸಿದರೆ ಇನ್ನೂ ಉರಿ. ಇನಾಸಣ್ಣ ಕೊಂಕಣಿಯಲ್ಲಿ ಮಾತೆ ಮರಿಯಳನ್ನು ಕರೆಯುತ್ತಿದ್ದ, ನಡುನಡುವೆ ಮಚವೆ ಕಟ್ಟಿದ ಆಚಾರಿಯನ್ನು ಬೈಯುತ್ತಿದ್ದ.

ಮಚವೆ ಸ್ವಲ್ಪ ಎದ್ದಿತು. ಪೂರ್ತಿ ಏಳಲಿಲ್ಲ. ಯಾಕೆಂದು ಬಲಗಡೆಯ ತಳಕ್ಕೆ ಕೈ ಹಾಕಿದಾಗ ಗೊತ್ತಾಯಿತು. ಅಲ್ಲಿ ಹರಳು ಇರಲಿಲ್ಲ, ತಣ್ಣಗಿನ ಕೆಸರು ಇತ್ತು. ವಾಲಿದ ಕಡೆಯ ಸಂದಿಗಳಿಂದ ನೀರು ಒಸರಿ, ತಟ್ಟಿ ದಾಟಿ ಉಪ್ಪನ್ನು ನೆನೆಸಿತ್ತು. ಒಣ ಉಪ್ಪಿಗಿಂತ ಎಷ್ಟೋ ಭಾರ. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಅದರ ಮೇಲಿನದೂ ನೆನೆಯುತ್ತದೆ. ಅದನ್ನು ಎಡಕ್ಕೆ ಎಳೆದು ಪ್ರಯೋಜನವಿಲ್ಲ. ತೊಟ್ಟಿಗೂ ಅದು ಉಪಯೋಗಕ್ಕೆ ಬರುವುದಿಲ್ಲ.

ನಾನೇ ತಲೆ ಹೊರಹಾಕಿ ಕೂಗಿದೆ. "ಮಾವಾ, ಹಾಕೂದೇ ಸೈ! ಬಲಗಡೆಯ ಒದ್ದೆದು ಮಾತ್ರ!"

ಹೆಡಿಗೆ ಹೆಡಿಗೆಯಾಗಿ ಕೆಳಗಿನಿಂದ ಕೊಟ್ಟೆ. ನಾಗೇಶ ನೀರು ಚೆಲ್ಲುವುದನ್ನು ಬಿಟ್ಟು ಉಪ್ಪು ಚೆಲ್ಲಿದ. ತೊಟ್ಟಿ ತೊಟ್ಟಿ ಬಂಗಡೆಗೆ ಆಗುವ ಉಪ್ಪು ಅದು. ನೀರಿಗೆ ಬಿದ್ದ ಕೂಡಲೇ ಇಲ್ಲ. ಎಷ್ಟು ಹಾಕಿದರೂ ಸಮುದ್ರದ ಬಣ್ಣ ಕೂಡ ಬದಲಾಗಲಿಲ್ಲ. ಮೂರರಲ್ಲೊಂದು ಪಾಲು ಹೋಗಿರಬೇಕು. ಕೊನೆಗೆ ಮಚವೆ ದೊಡ್ಡ ಉಸಿರು ಬಿಟ್ಟ ಹಾಗೆ ಅಲುಗಿ ನೆಟ್ಟಗಾಯಿತು. ಮಾವ ಚುಕ್ಕಾಣಿಯ ಮೇಲೆ ತಲೆ ಇಟ್ಟು ಒಂದು ಕ್ಷಣ ಹಾಗೇ ನಿಂತ.

ಬಸವರಾಜದುರ್ಗದ ಮರೆಗೆ ಹೋಗಿ ಲಂಗರು ಹಾಕಿದೆವು. ಮುರಿದ ಹಲಗೆಗೆ ಪಟ್ಟಿ ಹೊಡೆದು, ಸಂದಿಗೆ ಹತ್ತಿ ತುರುಕಿದರು. ನಾನು ಮಳೆನೀರಿನಲ್ಲಿ ಕೈ ತೊಳೆದು ಕೂತು ದಕ್ಷಿಣಕ್ಕೆ ನೋಡಿದೆ. ಭಟ್ಕಳದ ಕಡೆ ಮಿಂಚುತ್ತಿತ್ತು.

"ಅಲ್ಲೂ ಹೊಡೆದಿರಬಹುದಾ ಮಾವಾ?"

"ಹೊಡೆದರೂ ಈಗ ನೀ ಎಂತ ಮಾಡೂವವಳು? ಮಲಗು," ಅಂದ. ತನ್ನ ಕಂಬಳಿ ಬಿಚ್ಚಿ ಕೊಟ್ಟ. ಆ ಕ್ಷಣಕ್ಕೆ ಸಿಟ್ಟು ಬಂತು. ಆದರೆ ಅವನು ಹೇಳಿದ್ದು ಸರಿ. ಮಲಗಿದೆ, ನಿದ್ದೆಯೂ ಬಂತು.

ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ನೆಲದ ಗಾಳಿ ಹದವಾಗಿ ಬೀಸುತ್ತಿತ್ತು. ಶರಾವತಿಯ ಅಳಿವೆಯ ಎದುರು ನದಿಯ ಕೆಂಪು ನೀರು ಸಮುದ್ರದೊಳಗೆ ದೂರದ ತನಕ ಬಂದಿತ್ತು. ಅದನ್ನು ದಾಟುವಾಗ ಲಾರಿಗಳ ಸಾಲು ನೆನಪಾಯಿತು. ಅಪ್ಸರಕೊಂಡದ ಗುಡ್ಡ, ಮಂಕಿಯ ಉದ್ದನೆಯ ಮರಳು, ಮುರ್ಡೇಶ್ವರದ ಗುಡ್ಡದ ಮೇಲಿನ ಚಿಕ್ಕ ದೇವಸ್ಥಾನ ಎಡಕ್ಕೆ ಬಂದು ಹೋದವು. ಬಲಕ್ಕೆ ದೂರದಲ್ಲಿ ನೇತ್ರಾಣಿ ದ್ವೀಪ ನೀಲಿಯಾಗಿ ನಿಂತಿತ್ತು. ಮಾವ ಅದಕ್ಕೆ ಕೈ ಮುಗಿದು ಒಂದು ತೆಂಗಿನಕಾಯಿ ನೀರಿಗೆ ಬಿಟ್ಟ. ನಾನು ಉಳಿದ ಅವಲಕ್ಕಿಗೆ ಬೆಲ್ಲ ಕಲಸಿ ಎಲ್ಲರಿಗೂ ಕೊಟ್ಟೆ. ಅಂಗೈ ಬಿರಿದಿದ್ದರಿಂದ ಕಲಸಿದ್ದು ಇನಾಸಣ್ಣನ ಚಮಚದಲ್ಲಿ.

ಮಧ್ಯಾಹ್ನ ಕಳೆದು ಭಟ್ಕಳದ ದೀಪಸ್ತಂಭ ಕಂಡಿತು. ಬಂದರಿನ ಬಾಯಿಯಿಂದ ಒಂದು ಲಾಂಚು ನೇರ ನಮ್ಮ ಕಡೆ ಬಂತು. ಅದರಲ್ಲಿ ಬಿಳಿ ಟೊಪ್ಪಿಯ ಇಬ್ಬರು ನವಾಯತ ಮುಸ್ಲಿಂ ವ್ಯಾಪಾರಿಗಳು ತಮ್ಮ ಮಾತಿನಲ್ಲಿ ಏನೋ ಆಡಿಕೊಂಡರು. ಆಮೇಲೆ ಹಿರಿಯರು ಕನ್ನಡದಲ್ಲಿ ಕೇಳಿದರು.

"ಉಪ್ಪಾ? ಯಾರ ಮಾಲು?"

ಮಾವ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. "ನಂದು."

ಅವರು ಮೇಲಿಂದ ಕೆಳಗೆ ನನ್ನನ್ನು ನೋಡಿದರು. ಕೂದಲು, ಸೀರೆ, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವಳನ್ನು ನೋಡಿ ಮತ್ತೇನು ಕೇಳಬೇಕೆಂದು ತೋಚಲಿಲ್ಲವೇನೋ. "ಅಷ್ಟೂ ಬೇಕಾ ನಿಮಗೆ? ನಮ್ಮ ತೊಟ್ಟಿಯೂ ಖಾಲಿ ಇದೆ ತಂಗೀ," ಅಂದರು.

"ಇದು ನಮ್ಮ ಕೇರಿಯ ರಂಪಣಿ ಬಲೆಯಲ್ಲಿರುವ ಮೀನಿಗೆ ಬಂದ ಉಪ್ಪು ಸಾಹೇಬರೇ. ಉಳಿದರೆ ಮೊದಲು ನಿಮಗೇ ಹೇಳಿ ಕಳಿಸ್ತೇನೆ."

"ಉಳಿಯೂದಿಲ್ಲ ಬಿಡಿ. ನಿನ್ನೆ ಇಲ್ಲೂ ಗಾಳಿ ಬಂತು. ನಿಮ್ಮ ಬಲೆ ನಿಂತಿದೆ, ನೋಡಿದೆ. ಜಲ್ದಿ ಹೋಗಿ." ಅವರೇ ಲಾಂಚಿನ ಹಗ್ಗ ಎಸೆದು, ತೆರೆಯಡಿಯ ಮರಳುದಿಬ್ಬ ತಪ್ಪಿಸಿ, ನಮ್ಮ ಕೇರಿಯ ಎದುರಿನ ತನಕ ಮಚವೆಯನ್ನು ಎಳೆದುಕೊಟ್ಟರು.

ಬಲೆ ನಿಂತಿತ್ತು. ಒಂದು ಮೂಲೆ ಕುಸಿದು ಅಲ್ಲಿಂದ ಸಾಕಷ್ಟು ಮೀನು ಹೋಗಿತ್ತು. ಉಳಿದ ಸುತ್ತಿನೊಳಗೆ ನೀರು ಇನ್ನೂ ಕಪ್ಪಗೆ ಅಲುಗುತ್ತಿತ್ತು. ಎದೆಮಟ್ಟದ ನೀರಿನಲ್ಲಿ ಗಂಡಸರು ಕೈಗೆ ಕೈ ಹಿಡಿದ ಹಾಗೆ ಬಲೆಯ ಮೇಲಂಚನ್ನು ಎತ್ತಿ ಹಿಡಿದು ನಿಂತಿದ್ದರು. ರಾತ್ರಿಯೆಲ್ಲ ಹಾಗೇ ನಿಂತಿದ್ದರಂತೆ. ನಮ್ಮನೆಯವರು ಮಚವೆಯ ಅಂಚಿನಲ್ಲಿ ನಿಂತವಳನ್ನು ನೋಡಿ, ಯಾರೋ ಎಂದುಕೊಂಡು ಮುಖ ತಿರುಗಿಸಿದರು. ಆಮೇಲೆ ಮತ್ತೆ ತಿರುಗಿ ನೋಡಿದರು. ಕೂಗಿ ಕೂಗಿ ಅವರ ಗಂಟಲು ಬಿದ್ದುಹೋಗಿತ್ತು.

"ನೀನಾ?" ಎಂದು ತುಟಿ ಮಾತ್ರ ಆಡಿತು.

"ನಾನೇ. ಬಲೆ ಬಿಡಬೇಡಿ!" ಎಂದು ನಾನು ಕೂಗಿದೆ. ದಡದಲ್ಲಿದ್ದವರೆಲ್ಲ ನಕ್ಕುಬಿಟ್ಟರು.

ಬಿಡಿ ಉಪ್ಪಿನ ಸುಖ ಆಗ ಗೊತ್ತಾಯಿತು. ಬಂದರಿಗೆ ಹೋಗಬೇಕಿಲ್ಲ, ಚೀಲ ಹೊರಬೇಕಿಲ್ಲ. ದೋಣಿಗಳು ಮಚವೆಯ ಪಕ್ಕಕ್ಕೆ ಬಂದವು. ಸನಿಕೆಯಲ್ಲಿ ಎತ್ತಿ ನೇರ ದೋಣಿಗೆ ಸುರಿದರು. ದೋಣಿ ದಡಕ್ಕೆ, ದಡದಿಂದ ಹೆಡಿಗೆ ತೊಟ್ಟಿಗೆ. ಇನ್ನೊಂದು ಕಡೆಯಿಂದ ಮೀನಿನ ಹೆಡಿಗೆಗಳು. ಹೆಂಗಸರು ಬಂಗಡೆ ಸೀಳಿ, ಕರುಳು ತೆಗೆದು, ಉಪ್ಪು ತುಂಬಿ, ಪದರು ಪದರಾಗಿ ಜೋಡಿಸಿದರು. ನನ್ನನ್ನು ಯಾರೂ ಮುಟ್ಟಗೊಡಲಿಲ್ಲ. ಅತ್ತೆ ನನ್ನ ಅಂಗೈ ಮಗುಚಿ ನೋಡಿ ತೆಂಗಿನೆಣ್ಣೆ ಹಚ್ಚಿ, ಬಾಳೆ ಎಲೆ ಸುತ್ತಿದರು. ನಾನು ತೊಟ್ಟಿಯ ಕಟ್ಟೆಯ ಮೇಲೆ ಕೂತು ಬಾಯಿಯಲ್ಲಿ ಕೆಲಸ ಮಾಡಿದೆ. ಊಟದ ಹೊತ್ತಿಗೆ ನಮ್ಮನೆಯವರು ಒದ್ದೆ ಬಟ್ಟೆಯಲ್ಲೇ ಬಂದು, ಇಡೀ ಕೇರಿಯ ಎದುರು ಅನ್ನ ಕಲಸಿ ನನ್ನ ಬಾಯಿಗಿಟ್ಟರು. ನಾಚಿಕೆ ಪಡುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ಹಸಿವು ಇತ್ತು.

ಮರುದಿನ ಮಧ್ಯಾಹ್ನಕ್ಕೆ ಉಪ್ಪು ಮುಗಿಯಿತು. ಎಲ್ಲ ತೊಟ್ಟಿಗಳೂ ತುಂಬಿದ್ದವು, ಕೊನೆಯದೊಂದನ್ನು ಬಿಟ್ಟು. ಬಲೆಯಲ್ಲಿ ಮೀನು ಇನ್ನೂ ಇತ್ತು. ಸಮುದ್ರಕ್ಕೆ ಹೋದ ಆ ಪಾಲು ಇದ್ದಿದ್ದರೆ ಅದಕ್ಕೂ ಆಗುತ್ತಿತ್ತು. ನಾನು ಅತ್ತೆಗೆ ಅದನ್ನೇ ಹೇಳಿದೆ.

"ಆ ಉಪ್ಪು ಇಟ್ಟುಕೊಂಡಿದ್ದರೆ ನೀ ಬರ್ತಿದ್ಯಾ?" ಅಂದರು ಅತ್ತೆ. ಆಮೇಲೆ ನೀರಿನ ಹತ್ತಿರ ಹೋಗಿ ಬಲೆಯ ಯಜಮಾನನನ್ನು ಕರೆದರು. "ಇನ್ನು ತೆಗೆದರೆ ಕೊಳೀತದೆ. ತೆಂಗಿನ ಬುಡಕ್ಕೆ ಹಾಕೂದೇ ಆದೀತು. ನನಗೆ ಸಾಕು. ಬಿಟ್ಟುಬಿಡಿ."

ಯಜಮಾನ ಸ್ವಲ್ಪ ಹೊತ್ತು ಬಲೆಯನ್ನೂ ಸೋತುಹೋದ ಗಂಡಸರ ಮುಖವನ್ನೂ ನೋಡಿದ. ತಲೆ ಆಡಿಸಿದ. ಸಮುದ್ರದ ಕಡೆಯ ಅಂಚಿನ ಹಗ್ಗ ಬಿಚ್ಚಿ ಬಲೆಯನ್ನು ತಗ್ಗಿಸಿದರು. ಮೊದಲು ಏನೂ ಆಗಲಿಲ್ಲ. ಮೀನುಗಳಿಗೆ ದಾರಿ ಗೊತ್ತಾಗಲಿಲ್ಲ, ಸುತ್ತುತ್ತಲೇ ಇದ್ದವು. ಆಮೇಲೆ ಒಂದು ಕಡೆ ನೀರು ನಡುಗಿತು. ಕಪ್ಪು ನೆರಳೊಂದು ಉದ್ದವಾಗಿ ಎಳೆದುಕೊಂಡು ಹೊರಗೆ ಹೋಗತೊಡಗಿತು. ಅಷ್ಟು ದಿನ ಅದನ್ನು ಕಾದ ಗಂಡಸರು ನೀರಿನಲ್ಲೇ ನಿಂತು, ಅದು ತಮ್ಮ ಸೊಂಟಕ್ಕೆ ತಾಗಿ ಹೋಗುವುದನ್ನು ನೋಡುತ್ತಿದ್ದರು. 

ಮಾವ ಹೊರಡುವ ತಯಾರಿಯಲ್ಲಿದ್ದ. ಖಾಲಿ ಮಚವೆ ಸಮುದ್ರದಲ್ಲಿ ನಿಲ್ಲುವುದಿಲ್ಲ, ಹೊಟ್ಟೆಯಲ್ಲಿ ಏನಾದರೂ ಭಾರ ಬೇಕು. ಕೇರಿಯ ಹೆಂಗಸರು ಉಪ್ಪು ಹೊತ್ತ ಹೆಡಿಗೆಗಳಲ್ಲೇ ದಡದ ಮರಳು ತುಂಬಿ ದೋಣಿಗೆ ಹಾಕಿಕೊಟ್ಟರು. ನಾಗೇಶ ಹೊಸ ಹಲಗೆ ಕೂರಿಸಿ ಗೋಡೆ ಗಟ್ಟಿ ಮಾಡಿದ. ಮಾವ ಕೊನೆಯ ದೋಣಿ ಹತ್ತುವಾಗ ನಾನು ಕಾಲು ಮುಟ್ಟಲು ಬಗ್ಗಿದೆ.

"ಕೈ ಸರಿ ಆದ ಮೇಲೆ ಅಕ್ಕನ ಮನೆಗೆ ಬಾ," ಅಂದ. "ಅವಳಿಗೆ ನಾ ಹೇಳೂದಿಲ್ಲ. ನೀನೇ ಹೇಳು. ನಾ ಹೇಳಿದರೆ ನನಗೇ ಬೈತಾಳೆ."

ಹಾಯಿ ಏರಿತು. ಮಚವೆ ಮೊದಲು ಪಶ್ಚಿಮಕ್ಕೆ ಹೋಗಿ ಗಾಳಿ ಹಿಡಿದು, ನಿಧಾನಕ್ಕೆ ಉತ್ತರಕ್ಕೆ ತಿರುಗಿತು. ಬಿಟ್ಟ ಮೀನಿನ ಹಿಂಡು ಅದೇ ದಿಕ್ಕಿಗೆ ಹೋಗಿರಬೇಕು. ಇನಾಸಣ್ಣ ಮುಂಭಾಗದಲ್ಲಿ ನಿಂತು, ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ನೀರನ್ನು ತೋರಿಸುತ್ತ ನಮ್ಮ ಕಡೆ ಏನೋ ಕೂಗಿದ. ಗಾಳಿಗೆ ಮಾತು ಕೇಳಿಸಲಿಲ್ಲ. ಮಚವೆಯ ಸುತ್ತ ನೀರು ಮಾತ್ರ ಸಣ್ಣ ಮಳೆ ಬಿದ್ದ ಹಾಗೆ ಕುಣಿಯುತ್ತಿತ್ತು, ಮೋಡ ಎಲ್ಲೂ ಇರಲಿಲ್ಲ.